ಇಂಜೆರಾ: ಇಥಿಯೋಪಿಯಾದವರ ತಟ್ಟೆಯೂ ಹೌದು, ಊಟವೂ ಹೌದು

ಹುಳಿ ಬರಿಸಿದ ಟೆಫ್ ಹಿಟ್ಟನ್ನು ಕಾವಲಿಯ ಮೇಲೆ ಅಗಲವಾಗಿ ಹೊಯ್ದು, ಒಂದೇ ಮಗ್ಗುಲು ಬೇಯಿಸಿದ ಮೆತ್ತನೆಯ ರೊಟ್ಟಿಯೇ ಇಂಜೆರಾ. ಇಥಿಯೋಪಿಯಾ ಮತ್ತು ಎರಿಟ್ರಿಯಾದಲ್ಲಿ ಇದು ದಿನನಿತ್ಯದ ಊಟ. ಕೆಳಗಡೆ ನುಣುಪು, ಮೇಲ್ಗಡೆ ನಮ್ಮ ಸೆಟ್ ದೋಸೆಯ ಹಾಗೆ ತುಂಬ ತೂತು. ಈ ತೂತುಗಳಿಗೆ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯಲ್ಲಿ ‘ಕಣ್ಣು’ ಎಂದೇ ಹೆಸರು. ಮಾಡಿದವರ ಕೈಗುಣ ಗೊತ್ತಾಗುವುದು ಕಣ್ಣು ಎಷ್ಟು ಒತ್ತಾಗಿ, ಎಷ್ಟು ಸಮನಾಗಿ ಬಿದ್ದಿದೆ ಎಂಬುದರಲ್ಲಿ.

ಟೆಫ್ ಒಂದು ಸಿರಿಧಾನ್ಯ. ಕಾಳಿನ ಉದ್ದ ಸುಮಾರು ಒಂದು ಮಿಲಿಮೀಟರ್ ಅಷ್ಟೆ. ಬಿಳಿ, ಕೆಂಪು, ಎರಡೂ ಬೆರೆತದ್ದು ಎಂದು ಬಗೆಗಳಿವೆ. ಬಿಳಿಗೆ ಬೆಲೆ ಹೆಚ್ಚು, ಕೆಂಪಿಗೆ ರುಚಿ ಗಾಢ. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ಎಂಬ ಪ್ರೋಟೀನ್ ಇಲ್ಲದ ಧಾನ್ಯವಾದ್ದರಿಂದ ಹಿಟ್ಟು ತಾನಾಗಿ ಗಾಳಿ ಹಿಡಿದಿಟ್ಟುಕೊಳ್ಳುವುದಿಲ್ಲ. ಇಂಜೆರಾ ಮಾಡುವ ವಿಧಾನದ ಅರ್ಧ ಭಾಗ ಹುಟ್ಟಿಕೊಂಡಿರುವುದೇ ಈ ಕೊರತೆ ತುಂಬಲು.

ಅಳತೆ ಹೀಗಿಟ್ಟುಕೊಳ್ಳಿ: ಅರ್ಧ ಕೆ.ಜಿ. ಟೆಫ್ ಹಿಟ್ಟು, ಮುಕ್ಕಾಲು ಲೀಟರ್ ನೀರು, ಎರಡು ಮೂರು ಚಮಚ ‘ಎರ್ಶೊ’. ಹಿಂದಿನ ಸಲದ ಹಿಟ್ಟಿನ ಮೇಲೆ ನಿಂತ ಹಳದಿ ಹುಳಿನೀರೇ ಎರ್ಶೊ. ಇಥಿಯೋಪಿಯಾದ ಮನೆಗಳಲ್ಲಿ ಅದನ್ನು ತೆಗೆದಿಟ್ಟು ಮುಂದಿನ ಹಿಟ್ಟಿಗೆ ಹೆಪ್ಪು ಹಾಕುತ್ತಾರೆ. ಅದಿಲ್ಲದೆಯೂ ಹುಳಿ ಬರುತ್ತದೆ, ಒಂದೆರಡು ದಿನ ಹೆಚ್ಚು ಬೇಕು ಅಷ್ಟೆ. ಮೊದಲು ಸ್ವಲ್ಪವೇ ನೀರು ಹಾಕಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ ಮುಚ್ಚಿಡಿ. ಆಡಿಸ್ ಅಬಾಬಾದ ತಂಪಿನಲ್ಲಿ ಎರಡು ಮೂರು ದಿನ ಬೇಕು. ನಮ್ಮ ಬೇಸಿಗೆಯಲ್ಲಿ ಒಂದೂವರೆ ದಿನಕ್ಕೇ ಹುಳಿ ಮಿತಿಮೀರಬಹುದು. ಮೇಲೆ ನಿಂತ ನೀರನ್ನು ಬಗ್ಗಿಸಿ ತೆಗೆದರೆ ಹುಳಿ ಹದಕ್ಕೆ ಬರುತ್ತದೆ. ಬೂದು ಅಥವಾ ಕಂದು ಬಣ್ಣದ ನೀರು ಕಂಡರೆ ಹೆದರಬೇಕಿಲ್ಲ. ಗುಲಾಬಿ ಬಣ್ಣವೋ ನೂಲಿನಂಥ ಬೂಷ್ಟೋ ಕಂಡರೆ ಮಾತ್ರ ಪೂರ್ತಿ ಚೆಲ್ಲಬೇಕು, ಮೇಲಿನದನ್ನು ತೆಗೆದು ಉಳಿಸಿಕೊಳ್ಳುವ ಆಸೆ ಬೇಡ.

ಇನ್ನು ‘ಅಬ್ಸಿತ್’. ಹೊರಗಿನವರು ಬಿಟ್ಟುಬಿಡುವ ಹಂತ ಇದೇ, ಕೆಡುವುದೂ ಇಲ್ಲೇ. ಹುಳಿ ಬಂದ ಹಿಟ್ಟಿನಿಂದ ಹತ್ತನೇ ಒಂದು ಭಾಗ ತೆಗೆದು, ಅದರ ಎರಡರಷ್ಟು ಕುದಿಯುವ ನೀರಿಗೆ ಹಾಕಿ, ಕೈಬಿಡದೆ ತಿರುವುತ್ತ ಬೇಯಿಸಬೇಕು. ಗಟ್ಟಿಯಾಗಿ ಹೊಳಪು ಬಂದಾಗ ಇಳಿಸಿ, ಉಗುರುಬೆಚ್ಚಗಾದ ಮೇಲೆ ಉಳಿದ ಹಿಟ್ಟಿಗೆ ಬೆರೆಸಿ. ಬೆಂದ ಪಿಷ್ಟ ಗಾಳಿಗುಳ್ಳೆಗಳನ್ನು ಹಿಡಿದಿಡುತ್ತದೆ, ಗ್ಲುಟನ್ ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತದೆ. ಬಿಸಿಬಿಸಿಯಾಗಿ ಸುರಿದರೆ ಹುದುಗಿನ ಜೀವಾಣುಗಳು ಸಾಯುತ್ತವೆ, ಕಣ್ಣು ಬೀಳುವುದಿಲ್ಲ. ಸರಿಯಾಗಿ ಬೇಯದಿದ್ದರೆ ಇಂಜೆರಾ ಮಡಿಸಿದ ಕಡೆ ಬಿರಿಯುತ್ತದೆ, ಮರುದಿನ ಒಣಕಲಾಗುತ್ತದೆ. ಬೆರೆಸಿದ ಮೇಲೆ ಒಂದು ಗಂಟೆ ಬಿಡಿ. ಹಿಟ್ಟು ಉಬ್ಬಿ ಮೇಲೆಲ್ಲ ಗುಳ್ಳೆ ಕಾಣುವಾಗ ಹೊಯ್ಯಬೇಕು. ಉಬ್ಬಿ ಇಳಿದ ಮೇಲೆ ಹೊಯ್ದರೆ ಪ್ರಯೋಜನವಿಲ್ಲ.

ಕಾವಲಿಗೆ ‘ಮಿತಾದ್’ ಎನ್ನುತ್ತಾರೆ. ಮಣ್ಣಿನದು, ಅರ್ಧ ಮೀಟರಿಗಿಂತ ಅಗಲ. ಪಟ್ಟಣಗಳಲ್ಲಿ ಈಗ ವಿದ್ಯುತ್ ಮಿತಾದ್ ಬಂದಿದೆ. ಎಣ್ಣೆ ಸವರುವುದಿಲ್ಲ, ಗೊಮೆಂಜೆರ್ ಎಂಬ ಸಾಸಿವೆ ಜಾತಿಯ ಬೀಜದ ಪುಡಿಯಿಂದ ಉಜ್ಜುತ್ತಾರೆ. ನಮ್ಮ ಮನೆಯಲ್ಲಿ ಮುಚ್ಚಳ ಇರುವ ಅಗಲವಾದ ನಾನ್‌ಸ್ಟಿಕ್ ತವಾ ಸಾಕು. ಹಿಟ್ಟನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬನ್ನಿ, ಸೌಟಿನಿಂದ ತಟ್ಟಬೇಡಿ. ಕಣ್ಣುಗಳು ತೆರೆದು ಮೇಲ್ಭಾಗದ ಹಸಿ ಹೊಳಪು ಮಾಯವಾಗತೊಡಗಿದಾಗ ಮುಚ್ಚಿ, ಎರಡು ನಿಮಿಷ ಬೇಯಿಸಿ. ಅಂಚು ತಾನಾಗಿ ಎದ್ದರೆ ಆಯಿತು. ಮಗುಚಿ ಹಾಕುವುದಿಲ್ಲ. ಮುಚ್ಚಳದ ನೀರು ಹನಿಯದಂತೆ ಒರೆಸುತ್ತಿರಬೇಕು. ಬಿಸಿ ಇರುವಾಗಲೇ ಒಂದರ ಮೇಲೊಂದು ಇಟ್ಟರೆ ಅಂಟಿಕೊಂಡು ಮುದ್ದೆಯಾಗುತ್ತವೆ.

ಉಣ್ಣುವಾಗ ಒಂದು ದೊಡ್ಡ ಇಂಜೆರಾ ಹಾಸಿ ಅದರ ಮೇಲೆಯೇ ‘ವೊತ್’ ಎಂಬ ಗಟ್ಟಿ ಸಾರುಗಳನ್ನು ಬಡಿಸುತ್ತಾರೆ. ಸುತ್ತ ಕುಳಿತವರು ಬಲಗೈಯಿಂದ ಹರಿದು, ಸಾರನ್ನು ಹಿಡಿದು ತಿನ್ನುತ್ತಾರೆ. ರಸ ಹೀರಿದ ಅಡಿಯ ಇಂಜೆರಾ ಎಲ್ಲಕ್ಕಿಂತ ರುಚಿ. ಪ್ರೀತಿಯವರ ಬಾಯಿಗೆ ಕೈತುತ್ತು ಇಡುವುದು ‘ಗುರ್ಷಾ’. ಅದನ್ನು ಬೇಡ ಎನ್ನಬಾರದು. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ದೀರ್ಘ ಉಪವಾಸಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವುದರಿಂದ ಬೇಳೆ, ಕಡಲೆಹಿಟ್ಟು, ಸೊಪ್ಪಿನ ವೊತ್‌ಗಳಿಗೆ ಲೆಕ್ಕವಿಲ್ಲ. ಸಸ್ಯಾಹಾರಿಗಳು ಕೇಳಬೇಕಾದ ಹೆಸರು ‘ಬೆಯಾಯ್ನೆತು’: ಒಂದೇ ಇಂಜೆರಾದ ಮೇಲೆ ಹಲವು ಬಗೆ.

ಈ ಊಟ ಹೊರದೇಶಗಳಲ್ಲಿ ಪರಿಚಯವಾದದ್ದು ವಲಸೆ ಹೋದವರ ಕೈಯಿಂದ. ಅವರಲ್ಲಿ ಹೆಚ್ಚು ಹೆಸರಾದವರು ಬಾಣಸಿಗ ಮಾರ್ಕಸ್ ಸ್ಯಾಮುವೆಲ್ಸನ್. 1970ರ ದಶಕದ ಆರಂಭದಲ್ಲಿ ಇಥಿಯೋಪಿಯಾದಲ್ಲಿ ತಾಯಿ, ಅಕ್ಕ ಮತ್ತು ಪುಟ್ಟ ಮಗುವಾಗಿದ್ದ ಅವರು, ಮೂವರಿಗೂ ಕ್ಷಯ ತಗುಲಿತು. ತಾಯಿ ತೀರಿಕೊಂಡರು, ಗುಣವಾದ ಮಕ್ಕಳಿಬ್ಬರನ್ನು ಸ್ವೀಡನ್ನಿನ ಕುಟುಂಬವೊಂದು ದತ್ತು ಪಡೆಯಿತು. ಹಾಗಾಗಿ ಹುಟ್ಟುನಾಡಿನ ಅಡುಗೆಯನ್ನು ಅವರು ಕಲಿತದ್ದು ನ್ಯೂಯಾರ್ಕಿನಲ್ಲಿ ಬಾಣಸಿಗರಾಗಿ ಹೆಸರು ಮಾಡಿ, ದೊಡ್ಡವರಾದ ಮೇಲೆ ಇಥಿಯೋಪಿಯಾಕ್ಕೆ ಮರಳಿ ಹೋಗಿ. 2009ರ ನವೆಂಬರಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರಿಗೆ ಶ್ವೇತಭವನ ಕೊಟ್ಟ ಔತಣಕ್ಕೆ ಅತಿಥಿ ಬಾಣಸಿಗರಾಗಿದ್ದವರು ಇವರೇ. ಮರುವರ್ಷ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ‘ರೆಡ್ ರೂಸ್ಟರ್’ ಹೋಟೆಲು ತೆರೆದರು.

ವಲಸೆಯ ಅಡುಗೆಮನೆಗಳಿಗೆ ದೊಡ್ಡ ತೊಡಕು ಟೆಫ್‌ನದೇ. ಇಥಿಯೋಪಿಯಾ 2006ರಲ್ಲಿ ಕಾಳಿನ ರಫ್ತು ನಿಲ್ಲಿಸಿತ್ತು. ಹೀಗಾಗಿ ಹೋಟೆಲುಗಳ ಇಂಜೆರಾದಲ್ಲಿ ಗೋಧಿ, ಜವೆಗೋಧಿ ಬೆರೆತಿರುವುದು ಸಾಮಾನ್ಯ. ಗ್ಲುಟನ್ ಆಗದವರು ಕೇಳಿಯೇ ತಿನ್ನಬೇಕು.

ಟೆಫ್ ಕಡಿಮೆ ಇದ್ದರೆ ಅರ್ಧದಷ್ಟು ರಾಗಿ ಹಿಟ್ಟು ಸೇರಿಸಬಹುದು. ಇದು ಕಲಬೆರಕೆಯಲ್ಲ: ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾದವರು ಅದನ್ನು ‘ದಗುಸಾ’ ಎಂದು ಕರೆದು ಇಂಜೆರಾಕ್ಕೆ ಬೆರೆಸುತ್ತಲೇ ಬಂದಿದ್ದಾರೆ. ರಾಗಿ ಹಿಟ್ಟನ್ನು ಎರಡು ಸಲ ಜರಡಿ ಹಿಡಿಯಿರಿ, ಅಬ್ಸಿತ್ ತುಸು ಹೆಚ್ಚು ಮಾಡಿ. ಬಣ್ಣ ಕಪ್ಪಾಗುತ್ತದೆ, ಕಣ್ಣು ತುಸು ಕಡಿಮೆ ಬೀಳುತ್ತದೆ. ಅದೇ ದಿನ ತಿಂದು ಮುಗಿಸುವುದು ಒಳ್ಳೆಯದು. ಉಳಿದರೆ ಹರಿದು, ಖಾರದ ಬೆರ್ಬೆರೆ ಪುಡಿ ಹಾಕಿದ ಈರುಳ್ಳಿ ಗೊಜ್ಜಿನಲ್ಲಿ ಕಲಸಿ ‘ಫಿರ್‌ಫಿರ್’ ಮಾಡಿ, ಬೆಳಗಿನ ತಿಂಡಿಗೆ ಆಗುತ್ತದೆ.