ಯಜಮಾನರು ಆಸ್ಪತ್ರೆ ಸೇರಿದರೆ ಕೊಟ್ಟಿಗೆಗೆ ಯಾರು?

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಬೆಳಿಗ್ಗೆ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸಾಕಷ್ಟು ಒಳಗಿರುವ ಒಂಟಿ ಮನೆಯೊಂದಕ್ಕೆ ಕರುವಿನ ಭೇದಿಗೆ ಔಷಧ ಕೊಡಲು ಹೋಗಿದ್ದೆ. ಎಪ್ಪತ್ತು ದಾಟಿದ ಆ ಮನೆಯ ಅಮ್ಮ ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದರು. ಮಳೆಯ ಚಳಿಯಲ್ಲೂ ಹಣೆಯ ಮೇಲೆ ಬೆವರಿತ್ತು, ನಸುಕಿನಿಂದ ಎಡಗೈ ಸೆಳೆಯುತ್ತಿದೆ ಎಂದರು. 108ಕ್ಕೆ ಫೋನ್ ಮಾಡುತ್ತೇನೆ ಎಂದರೆ ಒಪ್ಪಲಿಲ್ಲ. “ದನ ಕರ್ಯೋರು ಯಾರು ಡಾಕ್ಟ್ರೇ? ಸಂಜೆ ಹಾಲು ಕರ್ದು ಹೋದ್ರಾಯ್ತು” ಎಂಬುದು ಅವರ ಉತ್ತರ. ಕೊನೆಗೆ ತಂಬಿಗೆ ಹಿಡಿದು ನಾನೇ ಕರೆದ ಮೇಲೆ ಅವರು ಎದ್ದರು. ಅಷ್ಟರಲ್ಲಿ ಆಂಬುಲೆನ್ಸಿನವರು ದಣಪೆಯ ಆಚೆ ನಿಂತಿದ್ದರು; ಯಜಮಾನಿಯ ಹತ್ತಿರ ಅಪರಿಚಿತರು ಬರುವುದನ್ನು ಮನೆಯ ನಾಯಿ ಒಪ್ಪುತ್ತಿರಲಿಲ್ಲ. ಅದನ್ನು ಕೊಟ್ಟಿಗೆಯ ಹಿಂದೆ ಸರಪಳಿಯಲ್ಲಿ ಕಟ್ಟಿದವನೂ ನಾನೇ.

ಅಮ್ಮ ಶಿವಮೊಗ್ಗ ತಲುಪಿ ಬದುಕಿಕೊಂಡರು. ಆದರೆ ಹಸುವನ್ನು ನೋಡಿಕೊಳ್ಳಿ ಎಂದು ಪಕ್ಕದ ಮನೆಯವರಿಗೆ ಹೇಳಿದ ನಾನು, ಕಟ್ಟಿದ ನಾಯಿಯ ವಿಷಯ ಹೇಳುವುದನ್ನು ಮರೆತೆ. ಮಳೆಯ ಸದ್ದಿನಲ್ಲಿ ಅದರ ಕೂಗು ಯಾರಿಗೂ ಕೇಳಲಿಲ್ಲ. ಮೂರನೆಯ ದಿನ ಬಿಚ್ಚಿದಾಗ ಅದರ ಕುತ್ತಿಗೆಯ ಚರ್ಮ ಸುಲಿದಿತ್ತು. ಚಿರತೆ ಓಡಾಡುವ ಊರಿನಲ್ಲಿ ಸರಪಳಿಯಲ್ಲಿದ್ದ ನಾಯಿ ಉಳಿದದ್ದೇ ಹೆಚ್ಚು. ವೃತ್ತಿಯಲ್ಲಿದ್ದ ನನ್ನಿಂದಲೇ ಹೀಗಾದ ಮೇಲೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಹಿರಿಯರಿಬ್ಬರೇ, ಇಲ್ಲವೇ ಒಬ್ಬರೇ, ಇರುವ ಮನೆಗೆ ಹೋದಾಗಲೆಲ್ಲ ‘ನೀವು ಆಸ್ಪತ್ರೆಗೆ ಹೋದರೆ ಇವಕ್ಕೆ ಯಾರು?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಕೇಳುವುದು ಪ್ರಾಣಿಯ ಸಲುವಾಗಿ ಮಾತ್ರವಲ್ಲ. ಕೊಟ್ಟಿಗೆಗೆ ಜನವಿಲ್ಲ ಎಂಬ ಕಾರಣಕ್ಕೆ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸಂಜೆಯವರೆಗೆ ತಳ್ಳುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಮೊದಲು ಬೇಕಾದದ್ದು ಒಬ್ಬ ಮನುಷ್ಯ. ಇಬ್ಬರಾದರೆ ಇನ್ನೂ ಒಳ್ಳೆಯದು, ಏಕೆಂದರೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಒಬ್ಬರು ಸಿಗುವ ಭರವಸೆಯಿಲ್ಲ. ಬೆಂಗಳೂರಿನ ಮಗ ಈ ಪಟ್ಟಿಯಲ್ಲಿ ಮೊದಲಿಗನಾಗಲಾರ, ಅವನು ಬಸ್ಸಿಳಿಯುವ ಹೊತ್ತಿಗೆ ಎರಡು ಹೊತ್ತಿನ ಹಾಲು ಕೆಚ್ಚಲಲ್ಲೇ ಉಳಿದಿರುತ್ತದೆ. ನಡೆದು ಬರುವಷ್ಟು ದೂರದಲ್ಲಿರುವ, ಬೀಗದ ಕೈ ಎಲ್ಲಿದೆಯೆಂದು ತಿಳಿದಿರುವ, ಎಲ್ಲಕ್ಕಿಂತ ಮುಖ್ಯವಾಗಿ ನಾಯಿ ಈ ಮೊದಲೇ ಕೈಯಿಂದ ಅನ್ನ ತಿಂದಿರುವ ವ್ಯಕ್ತಿಯೇ ಬೇಕು. ಆದ್ದರಿಂದ ನೀವು ಗಟ್ಟಿಯಾಗಿರುವಾಗಲೇ ತಿಂಗಳಿಗೊಮ್ಮೆಯಾದರೂ ಅವರಿಂದಲೇ ನಾಯಿಗೆ ಅನ್ನ ಹಾಕಿಸಿ, ಹಸುವಿನ ಕಣ್ಣಿ ಬಿಚ್ಚಿಸಿ. ಹೊಸ ಕೈಗೆ ಹೆದರಿದ ಹಸು ಸೊರೆ ಬಿಡುವುದಿಲ್ಲ. ಭಯದಲ್ಲಿ ಬಿಡುಗಡೆಯಾಗುವ ಅಡ್ರಿನಲಿನ್, ಹಾಲಿಳಿಸುವ ಆಕ್ಸಿಟೋಸಿನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಎಷ್ಟು ಜಗ್ಗಿದರೂ ಬರುವುದು ಅರ್ಧ ತಂಬಿಗೆ, ಉಳಿದದ್ದು ಒಳಗೇ ನಿಂತು ಕೆಚ್ಚಲು ಬಾವು ಬರಲು ದಾರಿಯಾಗುತ್ತದೆ.

ಕಡಿಮೆ ಹಾಲು ಕೊಡುವ ನಮ್ಮ ನಾಟಿ ತಳಿ ಮಲೆನಾಡು ಗಿಡ್ಡವಾದರೆ ಇದಕ್ಕೆ ಸುಲಭದ ಪರಿಹಾರವಿದೆ. ಕರುವನ್ನು ತಾಯಿಯ ಜೊತೆ ಬಿಟ್ಟರೆ ನಾಲ್ಕಾರು ದಿನ ತೊಂದರೆಯಿಲ್ಲದೆ ಕಳೆಯುತ್ತದೆ. ಹೆಚ್ಚು ಹಾಲು ಕೊಡುವ ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿಗೆ ಈ ಉಪಾಯ ಸಾಲದು. ಕರು ಕುಡಿದು ಮುಗಿಸಲಾರದು, ಮಿತಿಮೀರಿ ಕುಡಿದರೆ ಅದಕ್ಕೇ ಭೇದಿ ಹತ್ತುತ್ತದೆ. ಅಂಥ ಹಸುವಿದ್ದವರು ಕರೆಯಲು ಬರುವವರನ್ನೇ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ ಕನಿಕರಕ್ಕೆ ಸಂಬಂಧಿಸಿದ್ದು. ಯಜಮಾನರಿಲ್ಲದ ದನವೆಂದು ಮರುಗಿ ನೆರೆಯವರು ಬಕೆಟ್‌ಗಟ್ಟಲೆ ಅನ್ನ, ಮಾಮೂಲಿಗಿಂತ ದುಪ್ಪಟ್ಟು ಹಿಂಡಿ ಸುರಿಯುವುದುಂಟು. ರೂಢಿಯಿಲ್ಲದ ಅನ್ನ ಹೊಟ್ಟೆಯಲ್ಲಿ ಹುಳಿಯಾಗಿ ಒಂದೇ ದಿನದಲ್ಲಿ ಹಸು ಮಲಗಬಹುದು, ಸಾಯಲೂಬಹುದು. ಮದುವೆಮನೆಯ ಮರುದಿನ ನಮಗೆ ಬರುವ ಕರೆಗಳಲ್ಲಿ ಹಲವು ಇದೇ ಜಾತಿಯವು. ಒಣಹುಲ್ಲು ಮತ್ತು ನೀರು ಹೊಟ್ಟೆ ತುಂಬ ಸಿಕ್ಕರೆ ದನ ಕೆಲವು ದಿನ ಹಿಂಡಿಯಿಲ್ಲದೆ ಇರಬಲ್ಲದು, ಹಾಲು ಇಳಿಯುತ್ತದೆ ಅಷ್ಟೆ.

ಬೆಕ್ಕನ್ನು ಆದಷ್ಟು ಆ ಮನೆಯಲ್ಲೇ ಬಿಟ್ಟು ಊಟ ಹಾಕಿ ಬರುವುದು ಲೇಸು. ಚೀಲದಲ್ಲಿ ಕಟ್ಟಿ ಬೇರೆ ಮನೆಗೆ ಒಯ್ದರೆ ಬಾಗಿಲು ತೆರೆದ ಕ್ಷಣ ಹಳೆಯ ಮನೆಯ ದಿಕ್ಕು ಹಿಡಿಯುತ್ತದೆ. ಆದರೆ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಬೇಸರದಿಂದಿದೆ ಎಂದು ಸುಮ್ಮನಿರಬೇಡಿ. ಅದರಲ್ಲೂ ದಪ್ಪ ಬೆಕ್ಕು ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಅಪಾಯವಾಗುತ್ತದೆ. ಮೈ ಬಿಸಿಯೆಂದು ಮನೆಯಲ್ಲಿರುವ ಪ್ಯಾರಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಔಷಧದ ಮೇಲಿರುವ ನಾಯಿಗಳ ವಿಷಯದಲ್ಲಿ ಬರವಣಿಗೆಯೇ ಗತಿ. ಮೂರ್ಛೆರೋಗದ ಫಿನೋಬಾರ್ಬಿಟಾನ್ ಮಾತ್ರೆ ಥಟ್ಟನೆ ನಿಂತರೆ ಒಂದರ ಹಿಂದೊಂದು ಫಿಟ್ಸ್ ಬರಬಹುದು. ಸಕ್ಕರೆ ಕಾಯಿಲೆಯ ನಾಯಿಯದು ಇನ್ನೂ ಸೂಕ್ಷ್ಮ. ಯಜಮಾನರಿಗೂ ನಾಯಿಗೂ ಸಕ್ಕರೆ ಕಾಯಿಲೆಯಿದ್ದು, ಇಬ್ಬರ ಇನ್ಸುಲಿನ್ ಒಂದೇ ಫ್ರಿಜ್ಜಿನ ಬಾಗಿಲಲ್ಲಿ ಅಕ್ಕಪಕ್ಕ ಕೂತಿದ್ದ ಮನೆಯನ್ನು ನಾನು ನೋಡಿದ್ದೇನೆ. ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥದ್ದೂ 100 ಯೂನಿಟ್ ಇರುವಂಥದ್ದೂ ಸಿಗುತ್ತದೆ, ಸಿರಿಂಜುಗಳೂ ಅದಕ್ಕೆ ತಕ್ಕಂತೆ ಬೇರೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಅದೇ ಗೆರೆಗೆ ಎಳೆದರೆ ಎರಡೂವರೆ ಪಟ್ಟು ಹೋಗುತ್ತದೆ. ಆದ್ದರಿಂದ ನಾಯಿಯ ಬಾಟಲಿ ಮತ್ತು ಸಿರಿಂಜನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಮೇಲೆ ನಾಯಿಯ ಹೆಸರು ಬರೆಯಿರಿ, ಮತ್ತು ‘ಊಟ ಮಾಡದಿದ್ದರೆ ಇಂಜೆಕ್ಷನ್ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ’ ಎಂಬ ಸಾಲನ್ನೂ ಸೇರಿಸಿ.

ಇವೆಲ್ಲ ಒಂದು ಹಾಳೆಯಲ್ಲಿ ಅಡಗುತ್ತವೆ. ಯಾವ ಪ್ರಾಣಿ ಎಷ್ಟಿವೆ, ಎಲ್ಲಿ ಕಟ್ಟಿರುತ್ತದೆ, ಏನು ತಿನ್ನುತ್ತದೆ, ಯಾರನ್ನು ಕಚ್ಚುತ್ತದೆ, ಗಬ್ಬದ ಹಸು ಯಾವ ತಿಂಗಳಲ್ಲಿ ಕರು ಹಾಕುತ್ತದೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು, ಮಲೆನಾಡಿನ ಥಂಡಿಗೆ ಹಾಳಾಗದಂತೆ ಪ್ಲಾಸ್ಟಿಕ್ ಹಾಕಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಬೇಕು. ಮೊಬೈಲಿನಲ್ಲಿ ಬರೆದಿಟ್ಟರೆ ಅದು ನಿಮ್ಮ ಜೊತೆಗೇ ಆಸ್ಪತ್ರೆಗೆ ಹೋಗುತ್ತದೆ. ‘ನಾನಿಲ್ಲದಾಗ ಚಿಕಿತ್ಸೆಯ ನಿರ್ಧಾರವನ್ನು ಇಂಥವರು ತೆಗೆದುಕೊಳ್ಳಬಹುದು, ಇಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು’ ಎಂದು ಬರೆದು ಸಹಿ ಹಾಕಿ, ಸ್ವಲ್ಪ ಹಣವನ್ನು ಅವರ ಕೈಯಲ್ಲಿಟ್ಟಿರಿ. ಇನ್ನೊಬ್ಬರ ದನಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಲು ನೆರೆಯವರು ಹಿಂಜರಿಯುವುದು ಸಹಜ, ಆ ಹಿಂಜರಿಕೆಯಲ್ಲೇ ಹೊತ್ತು ಮೀರುತ್ತದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960, ಪ್ರಾಣಿಯ ಕ್ಷೇಮದ ಹೊಣೆಯನ್ನು ಮಾಲೀಕರಿಗೆ ಮಾತ್ರವಲ್ಲದೆ ಅದನ್ನು ವಶದಲ್ಲಿಟ್ಟುಕೊಂಡ ಎಲ್ಲರಿಗೂ ಹೊರಿಸುತ್ತದೆ ಎಂಬುದನ್ನು ಒಪ್ಪಿಕೊಳ್ಳುವವರಿಗೂ ಮುಂಚೆಯೇ ತಿಳಿಸುವುದು ನ್ಯಾಯ.

ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ, ಕಷ್ಟದ ಪ್ರಕರಣಗಳಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ. ಆದರೆ ಇವು ಚಿಕಿತ್ಸೆಗೆ, ಹುಲ್ಲು ಹಾಕುವುದಕ್ಕಲ್ಲ. ಪೇಟೆಯಲ್ಲಿ ನಾಯಿಯನ್ನು ವಸತಿಗೆ ಬಿಡುವ ಯೋಚನೆಯಿದ್ದರೆ ರೇಬೀಸ್ ಲಸಿಕೆಯ ಚೀಟಿ ಚಾಲ್ತಿಯಲ್ಲಿರಲಿ, ಅದಿಲ್ಲದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಉಣುಗಿನ ಕಡಿತದಿಂದ ಹರಡುವ ಮಂಗನ ಕಾಯಿಲೆಯ ತಿಂಗಳುಗಳಲ್ಲಿ, ಅಂದರೆ ಡಿಸೆಂಬರಿನಿಂದ ಮೇವರೆಗೆ, ನಿಮ್ಮ ಕೊಟ್ಟಿಗೆಗೆಂದು ದರಗು (ಒಣ ಎಲೆ) ತರಲು ಕಾಡಿಗೆ ಹೋಗುವವರು ಉಣುಗಿನಿಂದ ರಕ್ಷಣೆಗೆ ಡೆಪಾ ತೈಲ ಹಚ್ಚಿಕೊಳ್ಳಲಿ.

ಒಂಟಿಯಾಗಿರುವವರಿಗೆ ಉಳಿಯುವ ಕೊನೆಯ ಪ್ರಶ್ನೆ, ಬಿದ್ದದ್ದು ಯಾರಿಗಾದರೂ ತಿಳಿಯುವುದು ಹೇಗೆ ಎಂಬುದು. ಇದಕ್ಕೆ ನನಗೆ ಹೆಚ್ಚು ನಂಬಿಕೆಯಿರುವುದು ಊರಿನ ಹಾಲಿನ ಡೈರಿಯ ಮೇಲೆ. ದಿನಾ ಬರುವ ಕ್ಯಾನು ಬಾರದಿದ್ದರೆ ಅಲ್ಲಿ ಅಳೆಯುವವರಿಗೆ ಮೊದಲು ಗೊತ್ತಾಗುತ್ತದೆ. ಆ ಅಮ್ಮ ಈಗ ಡೈರಿಯ ಕಾರ್ಯದರ್ಶಿಗೆ, ಎರಡು ಹೊತ್ತು ಹಾಲು ಬರದಿದ್ದರೆ ಪಕ್ಕದ ಮನೆಗೆ ಫೋನ್ ಮಾಡಬೇಕೆಂದು ಹೇಳಿಟ್ಟಿದ್ದಾರೆ. ಹೋದ ವರ್ಷ ಹಸುವಿನ ಹಾಲು ಬತ್ತಿದಾಗ ಅದನ್ನು ತಿಳಿಸಲು ಅಮ್ಮ ಮರೆತಿದ್ದರಿಂದ, ಮರುದಿನವೇ ಮೂವರು ಗಾಬರಿಯಿಂದ ಅವರ ಅಂಗಳಕ್ಕೆ ಓಡಿ ಬಂದಿದ್ದರು. ನಾಯಿ ಬೊಗಳಲಿಲ್ಲವಂತೆ.