ಘಾಟಿ ಹತ್ತಿ ಬಂದ ಶಾಲೆ, ಘಾಟಿ ಹತ್ತಿ ಬಂದ ಹೆಂಚು

ಕೊಡಗಿನ ಹಳೇ ಸರ್ಕಾರಿ ಶಾಲೆ ಕಂಡರೆ ‘ಬ್ರಿಟಿಷರ ಕಾಲದ್ದು’ ಅಂತ ಹೇಳಿ ಮುಂದೆ ಹೋಗುವುದು ರೂಢಿ. ಸುಳ್ಳಲ್ಲ. ಆದರೆ ಈ ಶಾಲೆಗಳ ಕಥೆಯಲ್ಲಿ ಲಂಡನ್ನಿಗಿಂತ ಮಂಗಳೂರಿನ ಪಾಲೇ ಜಾಸ್ತಿ.

ಅರಸರ ಕಾಲದಲ್ಲಿ ಇಲ್ಲಿ ದೊಡ್ಡ ಕಟ್ಟಡ ಅಂದರೆ ಅರಮನೆ, ದೇವಸ್ಥಾನ, ಗದ್ದುಗೆ (ಅರಸರ ಸಮಾಧಿ). 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಂಪನಿ ಸರ್ಕಾರ ಕೊಡಗನ್ನು ತೆಗೆದುಕೊಂಡಿತು. ಗುಮಾಸ್ತರು ಬೇಕು, ಲೆಕ್ಕ ಬರೆಯುವವರು ಬೇಕು. ಶಾಲೆ ಬೇಕೇ ಬೇಕಾಯಿತು.

ಕಲಿಸಲು ಬಂದವರಲ್ಲಿ ಮುಖ್ಯವಾದವರು ಮಂಗಳೂರಿನಲ್ಲಿದ್ದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುಮಾಡಿದ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದರು. ಅದೇ ಮಿಷನ್‌ನ ಜಿ. ರಿಕ್ಟರ್ ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಸ್ಕೂಲಿನ ಪ್ರಿನ್ಸಿಪಾಲರಾದರು. ಪಾದ್ರಿ ಮಿಷನ್‌ನವರು, ಶಾಲೆ ಸರ್ಕಾರದ್ದು! 1870ರಲ್ಲಿ ಅವರು ಕೊಡಗಿನ ಕೈಪಿಡಿಯೊಂದನ್ನು ಇಂಗ್ಲಿಷಿನಲ್ಲಿ ಹೊರತಂದರು. ಬೆಟ್ಟ, ಮಳೆ, ಬೆಳೆ, ಜನ ಎಲ್ಲ ಅದರಲ್ಲಿದೆ. ಅಚ್ಚಾದದ್ದು ಮಂಗಳೂರಿನಲ್ಲೇ. ಮುಂದೆ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಕೆ.ಎಂ. ಕಾರ್ಯಪ್ಪ ಓದಿದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರೇ.

ಇನ್ನು ಹೆಂಚಿನ ವಿಷಯ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿತು. ಅಲ್ಲಿಯವರೆಗೆ ಮಲೆನಾಡಿನ ಮನೆಗೆ ಹುಲ್ಲು, ಇಲ್ಲವೇ ಕುಂಬಾರರ ನಾಡಹೆಂಚು. ನಾಡಹೆಂಚನ್ನು ಸಾಲಾಗಿ ಒಂದರ ಮೇಲೊಂದು ಹೊದೆಸಬೇಕು. ಗಾಳಿಗೂ ಮಂಗಗಳಿಗೂ ಅದು ಸುಲಭವಾಗಿ ಜರುಗುತ್ತದೆ. ಮಂಗಳೂರು ಹೆಂಚಿನ ಅಂಚಿನಲ್ಲಿ ಗಾಡಿ, ಅಂದರೆ ತೋಡು, ಇರುತ್ತದೆ. ಪಕ್ಕದ ಹೆಂಚಿನ ಏಣು ಅದರೊಳಗೆ ಕೂರುತ್ತದೆ. ಅಡಿಯಲ್ಲಿ ರೀಪು (ಅಡ್ಡಕ್ಕೆ ಹೊಡೆದ ಮರದ ಪಟ್ಟಿ), ಅದರಡಿ ಪಕಾಸು (ಇಳಿಜಾರಿನ ಮರದ ತೊಲೆ), ಅಷ್ಟೇ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಮಡಿಕೇರಿಯಂಥ ಊರಿಗೆ ಇದಕ್ಕಿಂತ ಇನ್ನೇನು ಬೇಕು?

ಹಳೇ ಶಾಲೆಯ ಉಳಿದ ಅಂಗಗಳೂ ಮಳೆಯ ಲೆಕ್ಕದಲ್ಲೇ ಇವೆ. ನೀರು ನಿಲ್ಲದಂತೆ ಚಾವಣಿ (ಮಾಡು) ಕಡಿದಾದ ಇಳಿಜಾರು. ಇರಚಲು ಗೋಡೆಗೆ ಹೊಡೆಯದಂತೆ ಸೂರು ಹೊರಗೆ ಚಾಚಿರುತ್ತದೆ. ಮುಂದೆ ಉದ್ದನೆಯ ಜಗಲಿ, ಅದಕ್ಕೆ ಸಾಲು ಕಂಬ. ಒದ್ದೆ ಕೊಡೆಗಳೆಲ್ಲ ಅಲ್ಲೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಆಟವೂ ಅಲ್ಲೇ. ದಪ್ಪ ಗೋಡೆಗೆ ಸುಣ್ಣದ ಗಾರೆ. ಸುಣ್ಣ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಕೊಡವರ ಕುಲದ ಹಿರಿಮನೆಯಾದ ಐನ್‌ಮನೆಯ ಕೈಯಾಲೆ (ಜಗಲಿ) ನೋಡಿ ಬೆಳೆದ ಮಕ್ಕಳಿಗೆ ಈ ಜಗಲಿ ಪರಕೀಯ ಅನ್ನಿಸಿರಲಿಕ್ಕಿಲ್ಲ.

ಆಮೇಲೆ ಕಾಂಕ್ರೀಟ್ ಬಂತು. ಸಮತಟ್ಟು ತಾರಸಿ, ನೋಡಲು ಹೊಸದು, ವರ್ಷವರ್ಷ ಹೆಂಚು ಕೈಯಾಡಿಸುವ ಕೆಲಸವಿಲ್ಲ. ಆದರೆ ಮೂರು ತಿಂಗಳು ನೀರು ಕುಡಿದ ತಾರಸಿ ಸೋರದೆ ಇರುತ್ತದೆಯೇ? ಸೋರಿತು. ಈಗ ಕೊಡಗಿನ ತುಂಬ ಒಂದು ತಮಾಷೆ ಕಾಣುತ್ತದೆ: ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರು ಶೀಟು. ತಿರುಗಿ ಹಳೇ ಮಾಡಿಗೇ ಬಂದಂತಾಯಿತು, ಅಲ್ವಾ! ತಾರಸಿಯಿಲ್ಲದೆ ಬರೀ ಶೀಟು ಹೊದೆಸಿದ ಕೊಠಡಿಯ ಪಾಡು ಇನ್ನೂ ಕಷ್ಟ. ಜೋರು ಮಳೆ ಬಂದರೆ ಮೇಷ್ಟ್ರ ಮಾತು ಎರಡನೇ ಬೆಂಚಿಗೂ ಕೇಳುವುದಿಲ್ಲ. ಹೆಂಚಿನಡಿ ಈ ಗಲಾಟೆ ಎಷ್ಟೋ ಕಡಿಮೆ.

ಹಾಗಂತ ಹಳೇ ಮಾಡು ಉಳಿಸಿಕೊಳ್ಳುವುದು ಸುಲಭವಲ್ಲ. ಮಳೆಗಾಲಕ್ಕೆ ಮೊದಲು ಪಾಚಿ ಕೆರೆಯಬೇಕು, ಗೆದ್ದಲು ಹಿಡಿದ ಪಕಾಸು ಬದಲಿಸಬೇಕು. ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಬಹಳಷ್ಟು ಮುಚ್ಚಿಹೋಗಿವೆ. ಒಡೆದ ಹೆಂಚಿಗೆ ಅದೇ ಅಳತೆಯದ್ದು ಬೇಕೆಂದರೆ ಎಲ್ಲಾದರೂ ಕೆಡವುತ್ತಿರುವ ಮನೆ ಹುಡುಕಿಕೊಂಡು ಹೋಗಬೇಕು.