ತರಬೇತಿ: ಫಾಸ್ಟ್‌ಫುಡ್ ಅಂಗಡಿಯಲ್ಲಿ ಸವೆದುಹೋದ ಪದ

‘ಹುಡುಗರು ಬೇಕಾಗಿದ್ದಾರೆ, ಅನುಭವ ಬೇಡ, ಮೊದಲ ಮೂರು ತಿಂಗಳು ತರಬೇತಿ, ಆಮೇಲೆ ಪೂರ್ತಿ ಸಂಬಳ.’ ಈ ಧಾಟಿಯ ಜಾಹೀರಾತುಗಳು ಬರ್ಗರ್, ಪಿಜ್ಜಾ, ಚಿಕನ್ ಅಂಗಡಿಗಳ ಗಾಜಿನ ಮೇಲೆ ಈಗ ಎಲ್ಲೆಲ್ಲೂ ಕಾಣುತ್ತವೆ. ಒಳಗೆ ಹೋದ ಹುಡುಗನಿಗೆ ಟೋಪಿ, ಏಪ್ರನ್ ಕೊಟ್ಟು, ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ, ಅದೇ ಸಂಜೆ ಕೌಂಟರಿಗೆ ನಿಲ್ಲಿಸುತ್ತಾರೆ. ಕಲಿಸುವವರು ಯಾರೂ ಇರುವುದಿಲ್ಲ. ಮೂರು ತಿಂಗಳು ಕಡಿಮೆ ಸಂಬಳಕ್ಕೆ ದುಡಿದದ್ದಷ್ಟೇ ಆಗುತ್ತದೆ. ಇದಕ್ಕೂ ತರಬೇತಿ ಎನ್ನುವುದಾದರೆ ಆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಪದ ಬಂದದ್ದು ಅರಬ್ಬಿಯ ‘ತರ್ಬಿಯ’ದಿಂದ. ಅದು ಫಾರಸಿ, ಉರ್ದುಗಳಲ್ಲಿ ‘ತರ್ಬಿಯತ್’ ಆಗಿ, ದಖ್ಖನಿನ ಆಡಳಿತದ ಭಾಷೆಯ ಜೊತೆ ನಮ್ಮಲ್ಲಿಗೆ ಬಂದು ‘ತರಬೇತು’, ‘ತರಬೇತಿ’ ಎಂದು ನೆಲೆಸಿತು. ಮೂಲಧಾತುವಿನ ಅರ್ಥ ಬೆಳೆಯುವುದು, ಹೆಚ್ಚುವುದು. ಸಾಲದ ಬಡ್ಡಿಗೆ ಅರಬ್ಬಿಯಲ್ಲಿ ಹೇಳುವ ‘ರಿಬಾ’ ಕೂಡ ಅದೇ ಧಾತುವಿನದು, ಏಕೆಂದರೆ ಬಡ್ಡಿಯೂ ಬೆಳೆಯುತ್ತದೆ. ಕಲಬುರಗಿ, ಬೀದರಿನ ಉರ್ದು ಮನೆಗಳಲ್ಲಿ ಇಂದಿಗೂ ‘ತರ್ಬಿಯತ್’ ಎಂದರೆ ಮಗುವನ್ನು ಬೆಳೆಸಿದ ರೀತಿ. ಮಗು ಕೆಟ್ಟದಾಗಿ ನಡೆದುಕೊಂಡರೆ ಜನ ಅದರ ತರ್ಬಿಯತ್ತನ್ನು ಪ್ರಶ್ನಿಸುತ್ತಾರೆ, ಎಂದರೆ ಬೆಳೆಸಿದವರನ್ನು ಪ್ರಶ್ನಿಸುತ್ತಾರೆ. ಅದೇ ದಾರಿಯಲ್ಲಿ ಬಂದ ಇನ್ನೊಂದು ಪದ ‘ತಾಲೀಮು’. ಮೂಲದಲ್ಲಿ ಅದು ‘ತಅಲೀಮ್’, ಅಂದರೆ ಪಾಠ ಹೇಳುವುದು, ವಿದ್ಯೆ. ಕನ್ನಡದಲ್ಲಿ ಅದು ಗರಡಿಮನೆ ಹೊಕ್ಕಿತು, ನಾಟಕದ ಕಂಪನಿ ಸೇರಿತು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ ಮೈಗೂಡಿಸಿಕೊಳ್ಳುವುದು ಎಂದಾಯಿತು. ಕನ್ನಡ ಹೀಗೆ ಎರಡು ಪದಗಳನ್ನು ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡಿದೆ. ತಾಲೀಮನ್ನು ಒಬ್ಬನೇ ಮಾಡಬಹುದು. ತರಬೇತಿಗೆ ಎದುರಿಗೊಬ್ಬ ತರಬೇತುದಾರ ಇರಲೇಬೇಕು, ಶಿಷ್ಯ ಕಲಿಯದಿದ್ದರೆ ಅವನೂ ಉತ್ತರ ಹೇಳಬೇಕು.

ಫಾಸ್ಟ್‌ಫುಡ್ ಉದ್ಯಮಕ್ಕೆ ಇದು ಗೊತ್ತಿಲ್ಲದ ಮಾತೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅನುಭವವಿಲ್ಲದ ಲಕ್ಷಾಂತರ ಜನರನ್ನು ಕಾರ್ಖಾನೆಗಳಿಗೆ ತುರ್ತಾಗಿ ಸಿದ್ಧಪಡಿಸಬೇಕಾಗಿ ಬಂದಾಗ, ಅಮೆರಿಕ ಸರ್ಕಾರ 1940ರಲ್ಲಿ ಒಂದು ತರಬೇತಿ ಸೇವೆಯನ್ನೇ ಆರಂಭಿಸಿತು. ಮೇಲ್ವಿಚಾರಕರ ಜೇಬಿಗೆ ಅದು ಹಾಕಿದ ಪುಟ್ಟ ಕಾರ್ಡಿನಲ್ಲಿ ನಾಲ್ಕು ಹಂತಗಳಿದ್ದವು: ಕಲಿಯುವವನನ್ನು ಅಣಿಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಆಮೇಲೂ ಕಣ್ಣಿಡು. ಕೆಲಸಗಾರ ಕಲಿತಿಲ್ಲವೆಂದರೆ ಬೋಧಕ ಕಲಿಸಿಲ್ಲ ಎಂಬ ಮಾತೂ ಅದರ ಮೇಲಿತ್ತು. ಮೆಕ್‌ಡೊನಾಲ್ಡ್ಸ್ ತನ್ನ ಸಿಬ್ಬಂದಿಗೆ ಕಲಿಸಲು ಬಳಸಿದ್ದು ಇದೇ ನಾಲ್ಕು ಹಂತಗಳನ್ನು.

ಆಲೂ ಫ್ರೈಸ್ ಕರಿಯುವ ಜಾಗವನ್ನೇ ನೋಡಿ. ಬುಟ್ಟಿಗೆ ಎಷ್ಟು ತುಂಬಬೇಕು, ಎಣ್ಣೆಗೆ ಇಳಿಸಿ ಅರ್ಧ ನಿಮಿಷವಾದ ಮೇಲೆ ಏಕೆ ಒಮ್ಮೆ ಅಲುಗಿಸಬೇಕು (ಅಲುಗಿಸದಿದ್ದರೆ ಒಂದಕ್ಕೊಂದು ಅಂಟಿ ನಡುವೆ ಹಸಿಯಾಗಿ ಉಳಿಯುತ್ತವೆ), ಬುಟ್ಟಿ ಎಣ್ಣೆಯ ಮೇಲಿರುವಾಗಲೇ ಉಪ್ಪು ಹಾಕಿದರೆ ಅದು ಬಿದ್ದು ಎಣ್ಣೆ ಹೇಗೆ ಬೇಗ ಕೆಡುತ್ತದೆ, ಕರಿದಿಟ್ಟದ್ದನ್ನು ಎಷ್ಟು ನಿಮಿಷದ ಮೇಲೆ ಎಸೆಯಬೇಕು. ಇಷ್ಟನ್ನೂ ಪಕ್ಕದಲ್ಲಿ ನಿಂತವರೊಬ್ಬರು ಕಾರಣ ಸಮೇತ ಹೇಳಿ, ಮಾಡಿ ತೋರಿಸಿ, ಹುಡುಗನ ಕೈಯಿಂದ ಮಾಡಿಸಿ, ಗಿರಾಕಿ ತುಂಬಿದ ಹೊತ್ತಿನಲ್ಲೂ ಅವನು ಸರಿಯಾಗಿ ಮಾಡುವುದನ್ನು ಕಣ್ಣಾರೆ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿದ ಮೇಲೆ ಆ ಒಂದು ಜಾಗದ ಮಟ್ಟಿಗೆ ತರಬೇತಿ ಮುಗಿಯಿತು. ವಿಡಿಯೊ ತೋರಿಸಿದರೆ ಎರಡನೆಯ ಹಂತದ ಅರ್ಧ ಮಾತ್ರ ಆದಂತೆ.

ನನಗೆ ಇನ್ನೂ ಹೆಚ್ಚು ಬೇಸರ ತರಿಸುವ ಗೊಂದಲ ‘ಮ್ಯಾನೇಜರ್ ತರಬೇತಿ’ಯದು. ‘ಅಮೆರಿಕದಲ್ಲಿ ಬರ್ಗರ್ ಮಾಡುವುದಕ್ಕೂ ವಿಶ್ವವಿದ್ಯಾಲಯ ಇದೆಯಂತೆ’ ಎಂದು ಪತ್ರಿಕೆಗಳ ಪುರವಣಿಯಲ್ಲಿ ಆಗಾಗ ಬರುತ್ತದೆ. ‘ಹ್ಯಾಂಬರ್ಗರ್ ಯೂನಿವರ್ಸಿಟಿ’ ಎಂಬ ಕಂಪನಿಯ ತರಬೇತಿ ಕೇಂದ್ರ ಇರುವುದು ನಿಜ. ಕಂಪನಿಯ ಅಧಿಕಾರಿ ಫ್ರೆಡ್ ಟರ್ನರ್ ಅದನ್ನು 1961ರಲ್ಲಿ ಇಲಿನಾಯ್ ರಾಜ್ಯದ ಎಲ್ಕ್ ಗ್ರೋವ್ ವಿಲೇಜ್‌ನ ಮೆಕ್‌ಡೊನಾಲ್ಡ್ಸ್ ಮಳಿಗೆಯೊಂದರ ನೆಲಮಾಳಿಗೆಯಲ್ಲಿ ಶುರುಮಾಡಿದರು. 1983ರಲ್ಲಿ ಅದು ಓಕ್ ಬ್ರೂಕ್‌ಗೆ, 2018ರಲ್ಲಿ ಷಿಕಾಗೋ ನಗರಕ್ಕೆ ಹೋಯಿತು. ಶಾಂಘೈಯಲ್ಲಿ 2010ರಲ್ಲಿ ಅದರ ಕೇಂದ್ರ ತೆರೆಯಿತು. ಅಲ್ಲಿಗೆ ಬರುವವರು ಬರ್ಗರ್ ಮಾಡುವುದನ್ನು ಎಂದೋ ಕಲಿತು ಮುಗಿಸಿದ ಮ್ಯಾನೇಜರುಗಳು, ಫ್ರಾಂಚೈಸಿ ಮಾಲೀಕರು. ಅಲ್ಲಿ ಕೊಡುವ ‘ಹ್ಯಾಂಬರ್ಗರಾಲಜಿ’ ಪದವಿ ಕಂಪನಿಯ ಸ್ವಂತ ಬಿರುದು. ಆದರೂ ಅಲ್ಲಿನ ಕೆಲವು ಕೋರ್ಸುಗಳಿಗೆ ಕಾಲೇಜು ಕ್ರೆಡಿಟ್ ಕೊಡಬಹುದೆಂದು ಅಮೆರಿಕದ ಶಿಕ್ಷಣ ಮಂಡಳಿ ಶಿಫಾರಸು ಮಾಡಿದೆ.

ಹುಡುಗನ ಕೆಲಸ ತನ್ನ ಕೈಯಿಂದ ಆಗುವುದು, ಮ್ಯಾನೇಜರನ ಕೆಲಸ ಇತರರ ಕೈಯಿಂದ ಆಗಬೇಕಾದ್ದು. ಶುಕ್ರವಾರ ಸಂಜೆ ಒಬ್ಬ ಬಂದಿಲ್ಲ, ಏಳು ಗಂಟೆಗೆ ಜನ ನುಗ್ಗುತ್ತಾರೆ. ಊಟದ ವಿರಾಮವನ್ನು ಯಾರಿಗೆ ಆರಕ್ಕೇ ಕೊಟ್ಟು ಮುಗಿಸಬೇಕು, ಪಾತ್ರೆ ತೊಳೆಯುವವನನ್ನು ಕರಿಯುವ ಜಾಗಕ್ಕೆ ತರಬಹುದೇ, ಎಷ್ಟು ಬನ್ ಹೊರತೆಗೆದರೆ ಸಾಕು, ಎಷ್ಟಾದರೆ ರಾತ್ರಿ ಎಸೆಯುವ ಲೆಕ್ಕಕ್ಕೆ ಸೇರುತ್ತದೆ. ಹೊಸದಾಗಿ ಬಡ್ತಿ ಪಡೆದವನು ಸಾಮಾನ್ಯವಾಗಿ ಮಾಡುವುದೆಂದರೆ ತಾನೇ ಗ್ರಿಲ್ಲಿಗೆ ಓಡುವುದು, ಏಕೆಂದರೆ ಅವನಿಗೆ ಬರುವುದು ಅದೊಂದೇ. ಅವನು ಗ್ರಿಲ್ಲಿನಲ್ಲಿ ಇದ್ದಷ್ಟು ಹೊತ್ತು ಅಂಗಡಿಗೆ ಮ್ಯಾನೇಜರ್ ಇರುವುದಿಲ್ಲ. ಚೆನ್ನಾಗಿ ಕರಿಯುವವನನ್ನು ಮೇಲಕ್ಕೇರಿಸಿ, ಗಲ್ಲಾ ಲೆಕ್ಕ ಮುಗಿಸುವುದನ್ನು ಎರಡು ದಿನ ತೋರಿಸಿ, ಅದಕ್ಕೆ ‘ಮ್ಯಾನೇಜ್‌ಮೆಂಟ್ ತರಬೇತಿ’ ಎಂದು ಹೆಸರಿಡುವುದು ಅವನಿಗೂ ಅನ್ಯಾಯ, ಅವನ ಕೆಳಗಿನವರಿಗೂ ಅನ್ಯಾಯ. ಇಲ್ಲಿ ಬೇಕಾದದ್ದು ತರ್ಬಿಯತ್ತಿನ ಹಳೆಯ ಅರ್ಥ, ವರ್ಷಗಟ್ಟಲೆ ಬೆಳೆಸುವುದು. ಟರ್ನರ್ 1956ರಲ್ಲಿ ಗ್ರಿಲ್ಲಿನ ಮುಂದೆ ನಿಂತವರು, 1968ರಲ್ಲಿ ಕಂಪನಿಯ ಅಧ್ಯಕ್ಷರಾದರು. ಹದಿನೈದನೆಯ ವಯಸ್ಸಿನಲ್ಲಿ ಸಿಡ್ನಿಯ ಮಳಿಗೆಯೊಂದರಲ್ಲಿ ಅರೆಕಾಲಿಕವಾಗಿ ಸೇರಿದ ಚಾರ್ಲಿ ಬೆಲ್ ಹತ್ತೊಂಬತ್ತಕ್ಕೆ ಮಳಿಗೆಯ ಮ್ಯಾನೇಜರ್, 2004ರಲ್ಲಿ ಇಡೀ ಕಂಪನಿಯ ಮುಖ್ಯಸ್ಥ. ಎಲ್ಲರೂ ಅಲ್ಲಿಗೆ ತಲುಪುವುದಿಲ್ಲ. ಆದರೆ ಒಂದೊಂದು ಮೆಟ್ಟಿಲಿಗೂ ಕಲಿಕೆ ಬೇರೆ ಎಂಬುದನ್ನು ಒಪ್ಪಿಕೊಂಡ ಕಡೆ ಮಾತ್ರ ಹೀಗೆ ಏರಲು ಸಾಧ್ಯ.

ನಮ್ಮಲ್ಲಿ ಗೊಂದಲ ಹೆಚ್ಚಿಸುವ ಇನ್ನೊಂದು ಕಾಗದ ಆಹಾರ ಸುರಕ್ಷತೆಯ ಪ್ರಮಾಣಪತ್ರ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಂತೆ, ಪರವಾನಗಿ ಪಡೆದ ಆಹಾರ ಉದ್ದಿಮೆಗಳಲ್ಲಿ 25 ಜನ ಆಹಾರ ನಿರ್ವಹಿಸುವವರಿಗೆ ಒಬ್ಬರಂತೆ ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು. ಒಳ್ಳೆಯ ನಿಯಮವೇ. ಆದರೆ ಆ ಒಬ್ಬರ ಪ್ರಮಾಣಪತ್ರವನ್ನು ಗೋಡೆಗೆ ಹಾಕಿ ‘ನಮ್ಮ ಸಿಬ್ಬಂದಿ ತರಬೇತಿ ಪಡೆದವರು’ ಎಂದು ಬರೆದರೆ ಉಳಿದವರು ಕಲಿತಂತಾಗುವುದಿಲ್ಲ.

ಇನ್ನು ಸಂಬಳದ ಮಾತು. ಕೆಲಸಗಾರನಲ್ಲದ, ಬರೇ ಕಲಿಯುವವನೆಂಬ ಸ್ಥಾನ ನಮ್ಮ ಕಾನೂನಿನಲ್ಲಿ ಇದೆ. ಅವನ ಹೆಸರು ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಅವನನ್ನು ತರಬೇತಿಯವನೆಂದೇ ಕರೆದು, ಸಂಬಳದ ಬದಲು ಸ್ಟೈಪೆಂಡ್ ಕೊಡಲು ಹೇಳುತ್ತದೆ. ಅದಕ್ಕೆ ಲಿಖಿತ ಒಪ್ಪಂದ ಬೇಕು, ಆ ಒಪ್ಪಂದ ನೋಂದಣಿ ಆಗಬೇಕು, ಕಲಿಸುವ ಹೊಣೆ ಮಾಲೀಕನ ಮೇಲೆ ಇರುತ್ತದೆ. ಕೆಲಸಕ್ಕೆ ತೆಗೆದುಕೊಂಡವನು ಹೊಂದುತ್ತಾನೋ ಇಲ್ಲವೋ ಎಂದು ಕೆಲವು ತಿಂಗಳು ನೋಡುವುದಕ್ಕೆ ಬೇರೆ ಪದವಿದೆ, ಪ್ರೊಬೇಷನ್. ಆ ಅವಧಿಯಲ್ಲಿ ಅವನು ಕೆಲಸಗಾರನೇ, ಸಂಬಳಕ್ಕೆ ಅರ್ಹನೇ. ಅಂಗಡಿಯ ಗಾಜಿಗೆ ಅಂಟಿಸಿದ ಆ ‘ಮೂರು ತಿಂಗಳು ತರಬೇತಿ’ಗೆ ನೋಂದಾಯಿತ ಒಪ್ಪಂದ ಇದೆಯೇ, ಕಲಿಸುವವರು ಯಾರು, ಕೊನೆಗೆ ಪಟ್ಟಿಗೆ ಸಹಿ ಹಾಕುವವರು ಯಾರು ಎಂದು ಸೇರುವ ಮೊದಲೇ ಕೇಳಬೇಕು. ಮೂರಕ್ಕೂ ಉತ್ತರ ಸಿಗದಿದ್ದರೆ ಅದು ಪ್ರೊಬೇಷನ್, ಮೊದಲ ದಿನದಿಂದಲೇ ಸಂಬಳ ಲೆಕ್ಕವಾಗಬೇಕು.